ಡೊಮೈನ್ ನೋಂದಣಿ: ಮನೆ ವಿಳಾಸ ಕೊಡುವ ಮುನ್ನ

ಭೈರವಾನಿತಿಪ್ಪ, ರಾಯದುರ್ಗ, ಮಡಕಶಿರಾ ಭಾಗದ ಸದಸ್ಯರ ಗಮನಕ್ಕೆ. ಜಾಲತಾಣದ ಹೆಸರು ನೋಂದಾಯಿಸುವಾಗ ಕೊಡುವ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಹಿಂದೆ 'ಹೂ ಈಸ್' ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಂದು ಜಾರಿಯಾದ ಬಳಿಕ ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಅವನ್ನು ಸಾಮಾನ್ಯವಾಗಿ ಮರೆಮಾಡುತ್ತಾರೆ. ನಿಕ್ಸಿ ಸಂಸ್ಥೆ ನೋಡಿಕೊಳ್ಳುವ ಡಾಟ್ ಇನ್‌ನಲ್ಲಿ ಮಾತ್ರ ಬೇರೆಯವರ ಹೆಸರು ಮುಂದಿಡುವ 'ಪ್ರಾಕ್ಸಿ' ಸೇವೆಗೆ ಅವಕಾಶವಿಲ್ಲ. ಹಾಗೆಂದು ಸುಳ್ಳು ವಿವರ ಕೊಡಬೇಡಿ, ಹೆಸರೇ ರದ್ದಾಗಬಹುದು.

ನಾವು ಹೇಳುವುದಿಷ್ಟು: ಸಂಘದ ಜಾಲತಾಣವನ್ನು ಕಾರ್ಯದರ್ಶಿಯ ಮನೆ ವಿಳಾಸದಲ್ಲಲ್ಲ, ಸಂಘದ ಹೆಸರು, ಕಚೇರಿ ವಿಳಾಸ, ಪ್ರತ್ಯೇಕ ಇಮೇಲ್ ಕೊಟ್ಟು ನೋಂದಾಯಿಸಿ. ಪದಾಧಿಕಾರಿಗಳು ಬದಲಾದರೂ ಹೆಸರು ಸಂಘದಲ್ಲೇ ಉಳಿಯುತ್ತದೆ. ನವೀಕರಣದ ನೆಪದಲ್ಲಿ ಹಣ ಕೇಳುವ ಕರೆಗಳನ್ನು ನಂಬದೆ, ನೋಂದಾಯಿಸಿದ ಕಡೆಯೇ ಲಾಗಿನ್ ಆಗಿ ಅವಧಿ ನೋಡಿಕೊಳ್ಳಿ.