ವಿನ್ಯಾಸ ತಂತ್ರಾಂಶಗಳ ಆವೃತ್ತಿಭೇದ ಮತ್ತು ಕಡತ ಆಮದು ದೋಷಗಳು

ಒಂದು ವಿನ್ಯಾಸ ತಂತ್ರಾಂಶದಲ್ಲಿ ಸಿದ್ಧವಾದ ಕಡತವನ್ನು ಅದೇ ತಂತ್ರಾಂಶದ ಬೇರೆ ಆವೃತ್ತಿಯಲ್ಲಿ, ಇಲ್ಲವೇ ಅದರ ಸ್ಥಾನಕ್ಕೆ ಬಂದ ಇನ್ನೊಂದು ತಂತ್ರಾಂಶದಲ್ಲಿ ತೆರೆಯುವಾಗ ಎದುರಾಗುವ ತೊಡಕುಗಳು. ಇವು ಸಾಮಾನ್ಯವಾಗಿ ಮೂರು ಬಗೆ: ಕಡತ ತೆರೆದುಕೊಳ್ಳುವುದೇ ಇಲ್ಲ, ತೆರೆದರೂ ಚಿತ್ರ, ಬಣ್ಣ, ಫಾಂಟುಗಳಲ್ಲಿ ಕೆಲವು ಕಾಣೆಯಾಗಿರುತ್ತವೆ, ಎಲ್ಲವೂ ಸರಿಯಾಗಿರುವಂತೆ ತೋರಿದರೂ ಸಾಲುಗಳೋ ಅಕ್ಷರಗಳೋ ಬದಲಾಗಿರುತ್ತವೆ. ಮೊದಲನೆಯದನ್ನು ಪರದೆಯ ಮೇಲಿನ ಸಂದೇಶವೇ ತಿಳಿಸುತ್ತದೆ. ಮೂರನೆಯದು ಯಾವ ಸಂದೇಶವನ್ನೂ ಕೊಡದೆ ಅಚ್ಚಿನವರೆಗೂ ಹೋಗಬಲ್ಲದು. ಹಾಗಾಗಿ ದೋಷನಿವಾರಣೆಯ ಕೆಲಸ ಕಡತ ತೆರೆದುಕೊಂಡ ಕೂಡಲೇ ಮುಗಿಯುವುದಿಲ್ಲ.

ಕಾರಣಗಳು

ತಂತ್ರಾಂಶಕ್ಕೆ ಹೊಸ ಸೌಲಭ್ಯ ಸೇರಿದಾಗ ಅದನ್ನು ದಾಖಲಿಸಲು ಕಡತದ ಒಳರಚನೆಯೂ ಬದಲಾಗುತ್ತದೆ. ಹೊಸ ಆವೃತ್ತಿಯನ್ನು ಬರೆಯುವವರಿಗೆ ಹಳೆಯ ರಚನೆ ಗೊತ್ತಿರುತ್ತದೆ. ಹಳೆಯ ಆವೃತ್ತಿಗೆ ಮುಂದೆ ಬರಲಿರುವ ರಚನೆ ಗೊತ್ತಿರಲು ಸಾಧ್ಯವಿಲ್ಲ. ಹಳೆಯ ಕಡತ ಹೊಸದರಲ್ಲಿ ತೆರೆದು, ಹೊಸ ಕಡತ ಹಳೆಯದರಲ್ಲಿ ತೆರೆಯದಿರುವುದು ಇದರಿಂದಲೇ. ಹಳೆಯದನ್ನು ಓದುವ ಸೌಲಭ್ಯವೂ ಶಾಶ್ವತವಲ್ಲ. ಬಳಕೆ ಕಡಿಮೆಯಾದಂತೆ ತಯಾರಕರು ಅದನ್ನು ಕೈಬಿಡುತ್ತಾರೆ.

ಕಡತದ ಹೊರಗಿನ ಕಾರಣಗಳೂ ಇವೆ. ಪುಟವಿನ್ಯಾಸದ ಕಡತದಲ್ಲಿ ಚಿತ್ರಗಳು ಹೆಚ್ಚಾಗಿ ಕೊಂಡಿಯ ರೂಪದಲ್ಲಿರುತ್ತವೆ, ಫಾಂಟುಗಳು ಕಂಪ್ಯೂಟರಿನಲ್ಲಿರುತ್ತವೆ. ಕಡತವೊಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಇವೆರಡೂ ಹಿಂದೆಯೇ ಉಳಿಯುತ್ತವೆ. ಅಡೋಬಿ ಸಂಸ್ಥೆ ತನ್ನ ತಂತ್ರಾಂಶಗಳಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟುಗಳಿಗೆ ಕೊಡುತ್ತಿದ್ದ ಬೆಂಬಲವನ್ನು 2023ರ ಜನವರಿಯಲ್ಲಿ ನಿಲ್ಲಿಸಿತು. ಆ ಫಾಂಟು ಕಂಪ್ಯೂಟರಿನಲ್ಲಿ ಇದ್ದರೂ ಹೊಸ ಆವೃತ್ತಿ ಅದನ್ನು ‘ಇಲ್ಲ’ವೆಂದೇ ತೋರಿಸುತ್ತದೆ.

ಆವೃತ್ತಿಯ ಪತ್ತೆ

ದುರಸ್ತಿಗೆ ಮೊದಲು ಕಡತ ಯಾವ ಆವೃತ್ತಿಯದೆಂದು ತಿಳಿಯಬೇಕು. ಕೆಲವೊಮ್ಮೆ ಹೆಸರಿನ ಬಾಲವೇ ಸಾಕು: ಪೇಜ್‌ಮೇಕರ್ 6.5ರ ಕಡತದ ಬಾಲ ‘ಪಿ65’, 7.0ರದು ‘ಪಿಎಂಡಿ’. ಇನ್‌ಡಿಸೈನ್‌ನ ಬಾಲ ಮಾತ್ರ ಎಲ್ಲ ಆವೃತ್ತಿಗಳಲ್ಲೂ ‘ಐಎನ್‌ಡಿಡಿ’ ಆಗಿರುವುದರಿಂದ ಅದನ್ನು ನೋಡಿ ಏನೂ ಹೇಳಲಾಗದು.

ಆಟೋಕ್ಯಾಡ್‌ನ ‘ಡಿಡಬ್ಲ್ಯುಜಿ’ ನಕ್ಷೆಗಳಲ್ಲಿ ಪತ್ತೆ ಸುಲಭ. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಪರದೆ ತುಂಬ ಅರ್ಥವಾಗದ ಚಿಹ್ನೆಗಳು ಬರುತ್ತವೆ, ಆದರೆ ಮೊದಲ ಆರು ಅಕ್ಷರಗಳು ಸ್ಪಷ್ಟವಾಗಿರುತ್ತವೆ. ‘ಎಸಿ1015’ ಎಂದಿದ್ದರೆ ಅದು 2000ದ ರಚನೆ. 1018 ಎಂದರೆ 2004, 1021 ಎಂದರೆ 2007, 1024 ಎಂದರೆ 2010, 1027 ಎಂದರೆ 2013, 1032 ಎಂದರೆ 2018. ಪ್ರತಿವರ್ಷ ಹೊಸ ಆವೃತ್ತಿ ಬಂದರೂ ರಚನೆ ಪ್ರತಿವರ್ಷ ಬದಲಾಗಿಲ್ಲ. 2017ರಲ್ಲಿ ಉಳಿಸಿದ ನಕ್ಷೆ 2013ರಲ್ಲಿ ತೆರೆಯುತ್ತದೆ, 2018ರದು ತೆರೆಯುವುದಿಲ್ಲ. ಹೊಸ ಆವೃತ್ತಿ ಇರುವವರು ‘ಸೇವ್ ಆ್ಯಸ್’ನಲ್ಲಿ ಹಳೆಯ ರಚನೆ ಆರಿಸಿ ಕೊಡುವುದು, ಅಥವಾ ಆಟೋಡೆಸ್ಕ್ ಸಂಸ್ಥೆಯ ಉಚಿತ ಟ್ರೂವ್ಯೂ ಬಳಸಿ ಪರಿವರ್ತಿಸುವುದು ಇದಕ್ಕೆ ಪರಿಹಾರ. ಕಡತವೇ ಕೆಟ್ಟಿದ್ದರೆ ‘ರಿಕವರ್’ ಮತ್ತು ‘ಆಡಿಟ್’ ಆಜ್ಞೆಗಳಿವೆ.

ಪೇಜ್‌ಮೇಕರ್‌ನಿಂದ ಇನ್‌ಡಿಸೈನ್‌ಗೆ

ಪೇಜ್‌ಮೇಕರ್ ಅನ್ನು ಆಲ್ಡಸ್ ಸಂಸ್ಥೆ 1985ರಲ್ಲಿ ಹೊರತಂದಿತು. 1994ರಲ್ಲಿ ಆಲ್ಡಸ್ ಅಡೋಬಿಯ ಪಾಲಾಯಿತು. 1999ರಲ್ಲಿ ಇನ್‌ಡಿಸೈನ್ ಬಂತು; 2001ರ 7.0 ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ. ಕರ್ನಾಟಕದ ಅಚ್ಚುಕೂಟಗಳಲ್ಲೂ ಡಿಟಿಪಿ ಕೇಂದ್ರಗಳಲ್ಲೂ ಅದು ಆಮೇಲೂ ಬಹುಕಾಲ ಬಳಕೆಯಲ್ಲಿತ್ತು. ಆದ್ದರಿಂದ ಹಳೆಯ ಪುಸ್ತಕವೊಂದರ ಮರುಮುದ್ರಣಕ್ಕೆ ಹೊರಟವರಿಗೆ ಮೊದಲು ಸಿಗುವುದು ಪೇಜ್‌ಮೇಕರ್ ಕಡತವೇ.

ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ 6.0 ಮತ್ತು ನಂತರದ ಕಡತಗಳನ್ನು ನೇರವಾಗಿ ತೆರೆಯುತ್ತಿದ್ದವು. 2013ರಲ್ಲಿ ಆರಂಭವಾದ ಸಿಸಿ ಸರಣಿಯಲ್ಲಿ ಈ ಸೌಲಭ್ಯ ಇಲ್ಲ. ಹಾಗಾಗಿ ದಾರಿ ಎರಡು ಹೆಜ್ಜೆಯದು: ಕಡತವನ್ನು ಸಿಎಸ್6ರಲ್ಲೋ ಅದಕ್ಕಿಂತ ಹಳೆಯದರಲ್ಲೋ ತೆರೆದು ಉಳಿಸಿ, ಬಳಿಕ ಸಿಸಿಯಲ್ಲಿ ತೆರೆಯಬೇಕು. ಪರಿವರ್ತನೆಗೆ ಮುನ್ನ ಪೇಜ್‌ಮೇಕರ್‌ನಲ್ಲೇ ‘ಸೇವ್ ಆ್ಯಸ್’ ಮೂಲಕ ಹೊಸ ಹೆಸರಿನ ಪ್ರತಿ ಮಾಡಿಕೊಳ್ಳುವುದು ಒಳ್ಳೆಯದು. ಅಳಿಸಿದ ವಸ್ತುಗಳ ಅವಶೇಷ ಹೊರಹೋಗಿ ಕಡತ ಕಿರಿದಾಗುತ್ತದೆ, ತೆರೆಯುವಾಗ ಕೈಕೊಡುವ ಸಂಭವವೂ ತಗ್ಗುತ್ತದೆ.

ಇನ್‌ಡಿಸೈನ್‌ನ ಆವೃತ್ತಿಗಳ ನಡುವಿನ ಸೇತುವೆ ‘ಐಡಿಎಂಎಲ್’. 2008ರ ಸಿಎಸ್4ರಿಂದ ಇದು ಬಳಕೆಯಲ್ಲಿದೆ. ಹೊಸ ಆವೃತ್ತಿಯಿಂದ ಐಡಿಎಂಎಲ್ ಪ್ರತಿ ತೆಗೆದುಕೊಟ್ಟರೆ ಸಿಎಸ್4 ಮತ್ತು ಅನಂತರದ ಯಾವ ಆವೃತ್ತಿಯಲ್ಲಾದರೂ ತೆರೆಯಬಹುದು. ಹಳೆಯ ಆವೃತ್ತಿಯಲ್ಲಿ ಇಲ್ಲದ ಸೌಲಭ್ಯಗಳು ಮಾತ್ರ ಬಿಟ್ಟುಹೋಗುತ್ತವೆ. ಐಡಿಎಂಎಲ್ ವಾಸ್ತವದಲ್ಲಿ ಒಂದು ಜಿಪ್ ಕಡತ. ಬಾಲವನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿದರೆ ಪಠ್ಯವೆಲ್ಲ ‘ಸ್ಟೋರೀಸ್’ ಎಂಬ ಫೋಲ್ಡರಿನಲ್ಲೂ ಪುಟಗಳ ಜೋಡಣೆ ‘ಸ್ಪ್ರೆಡ್ಸ್’ ಎಂಬುದರಲ್ಲೂ ಎಕ್ಸ್‌ಎಂಎಲ್ ರೂಪದಲ್ಲಿ ಸಿಗುತ್ತವೆ. ಪದೇ ಪದೇ ಸ್ಥಗಿತಗೊಳ್ಳುವ ಕಡತವನ್ನು ಐಡಿಎಂಎಲ್‌ಗೆ ಹಾಕಿ ಮತ್ತೆ ತೆರೆದರೆ ಒಳಗಿನ ಸಣ್ಣಪುಟ್ಟ ಕೆಡಕು ಹೋಗುವುದೂ ಉಂಟು.

ಕನ್ನಡ ಪಠ್ಯದ ತೊಡಕು

ಇಂಗ್ಲಿಷ್ ಪುಟದಲ್ಲಿ ಆವೃತ್ತಿ ಬದಲಾದರೆ ಸಾಲು ಸರಿಯುತ್ತದೆ. ಕನ್ನಡ ಪುಟದಲ್ಲಿ ಅಕ್ಷರವೇ ಮಾಯವಾಗಬಹುದು. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ್ದವು. ಡಿಟಿಪಿಯವರು ಇದನ್ನು ‘ಆಸ್ಕಿ’ ಪಠ್ಯ ಎನ್ನುತ್ತಾರೆ. ನುಡಿಯಲ್ಲಿ ‘ಕನ್ನಡ’ ಎಂಬ ಪದ ಏಳು ಸಂಕೇತಗಳ ಸಾಲು: ಕಕಾರಕ್ಕೆ ದೊಡ್ಡ ‘ಪಿ’ ಮತ್ತು ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ನಕಾರಕ್ಕೆ ಪೌಂಡ್ ಚಿಹ್ನೆ ಮತ್ತು ಅದೇ ‘ಎ’, ಹೀಗೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಈ ಸಂಕೇತಗಳೇ ಕಾಣುತ್ತವೆ. ಪಠ್ಯ ಕೆಟ್ಟಿಲ್ಲ, ಅದೇ ಫಾಂಟನ್ನು ಹಾಕಿಕೊಂಡರೆ ಸಾಕು. ಅದರ ಬದಲು ಸಂಕೇತವಿನ್ಯಾಸ ಬೇರೆಯಾಗಿರುವ ಇನ್ನೊಬ್ಬ ತಯಾರಕರ ಫಾಂಟು ಹಚ್ಚಿದರೆ, ಕನ್ನಡ ಅಕ್ಷರಗಳೇ ಬಂದರೂ ಪದ ಬೇರೆಯಾಗುತ್ತದೆ.

ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಎರಡು ಕಡೆ ಎಡವುವುದು ಹೆಚ್ಚು. ಪರಿವರ್ತಕಕ್ಕೆ ಬರೀ ಪಠ್ಯವನ್ನು ಕೊಟ್ಟರೆ ಅದಕ್ಕೆ ಕಾಣುವುದು ಸಂಕೇತ ಮಾತ್ರ, ಫಾಂಟಲ್ಲ. ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಕನ್ನಡದ ತುಣುಕುಗಳೆಂದು ತಿಳಿದು ಅಸಂಬದ್ಧ ಅಕ್ಷರಗಳಾಗಿ ಮಾಡುತ್ತದೆ. ಅವನ್ನು ಮೊದಲೇ ಗುರುತು ಹಾಕಿ ಬೇರ್ಪಡಿಸಿಡಬೇಕು. ಎರಡನೆಯದು ಅರ್ಕಾವತ್ತು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂಚೆ ಬರಬೇಕು. ಪರಿವರ್ತಿತ ಪಠ್ಯದಲ್ಲಿ ‘ಸೂರ್ಯ’, ‘ಧರ್ಮ’, ‘ವರ್ಷ’ದಂಥ ಪದಗಳನ್ನು ಹುಡುಕಿ ನೋಡುವುದು ಒಳ್ಳೆಯ ಪರೀಕ್ಷೆ.

ಯೂನಿಕೋಡ್ ಪಠ್ಯವನ್ನು ಇನ್‌ಡಿಸೈನ್‌ಗೆ ತಂದಾಗ ‘ಕನ್ನಡ’ ಎಂಬುದು ‘ಕನ್‌ನಡ’ ಎಂದು ಒಡೆದು ಕಾಣಬಹುದು. ಒತ್ತಕ್ಷರಗಳನ್ನು ಜೋಡಿಸಲು ಬೇಕಾದ ‘ವರ್ಲ್ಡ್ ರೆಡಿ ಕಂಪೋಸರ್’ ಆ ಪ್ಯಾರಾಕ್ಕೆ ಅನ್ವಯವಾಗಿಲ್ಲ ಎಂಬುದು ಇದರ ಅರ್ಥ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅಡೋಬಿ ಅಧಿಕೃತವಾಗಿ ಬೆಂಬಲ ಕೊಟ್ಟಿದ್ದು 2012ರ ಸಿಎಸ್6ರಿಂದ. ಹೊಸ ಆವೃತ್ತಿಯಲ್ಲೂ ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ಸಾಮಾನ್ಯ ಕಂಪೋಸರ್ ಆಯ್ಕೆಯಾಗಿದ್ದರೆ ಒತ್ತಕ್ಷರ ಒಡೆಯುತ್ತದೆ. ಪುಟದಲ್ಲಿ ಅಲ್ಲಲ್ಲಿ ತಿದ್ದುವ ಬದಲು ಸ್ಟೈಲಿನಲ್ಲೇ ಬದಲಿಸಿದರೆ ಇಡೀ ಪುಸ್ತಕ ಸರಿಹೋಗುತ್ತದೆ.

ಚಿತ್ರವಿನ್ಯಾಸದ ಕಡತಗಳು

ಕೋರಲ್‌ಡ್ರಾದಲ್ಲಿ ಉಳಿಸುವಾಗಲೇ ಹಳೆಯ ಆವೃತ್ತಿಯನ್ನು ಆರಿಸಿಕೊಳ್ಳಬಹುದು. ಅಚ್ಚಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ‘ಕರ್ವ್’ ಮಾಡುವ ರೂಢಿ ಫಾಂಟಿನ ಸಮಸ್ಯೆಯನ್ನು ನೀಗಿಸುತ್ತದೆ, ಆದರೆ ಆ ಪ್ರತಿಯಲ್ಲಿ ಮತ್ತೆ ಕಾಗುಣಿತ ತಿದ್ದಲಾಗದು. ಕರ್ವ್ ಮಾಡದ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಇಲ್ಲಸ್ಟ್ರೇಟರ್ 2000ದ 9ನೆಯ ಆವೃತ್ತಿಯಿಂದ ಪಿಡಿಎಫ್ ಆಧಾರಿತ. ಉಳಿಸುವಾಗ ಪಿಡಿಎಫ್ ಹೊಂದಾಣಿಕೆಯ ಆಯ್ಕೆಯನ್ನು ತೆಗೆದಿದ್ದರೆ, ಬೇರೆ ತಂತ್ರಾಂಶದಲ್ಲಿ ಚಿತ್ರದ ಬದಲು ‘ಪಿಡಿಎಫ್ ಅಂಶವಿಲ್ಲದೆ ಉಳಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಸಾಲುಗಳು ಬರುತ್ತವೆ. 2003ರ ಸಿಎಸ್‌ನಲ್ಲಿ ಅಕ್ಷರಜೋಡಣೆಯ ವ್ಯವಸ್ಥೆಯೇ ಬದಲಾದ್ದರಿಂದ, ಅದಕ್ಕೂ ಹಿಂದಿನ ಕಡತಗಳ ಪಠ್ಯವನ್ನು ನವೀಕರಿಸದೆ ತಿದ್ದಲು ಬರುವುದಿಲ್ಲ. ನವೀಕರಿಸಿದಾಗ ಸಾಲುಗಳು ಸರಿಯಬಹುದು.

ಪರಿಶೀಲನೆ ಮತ್ತು ಮುನ್ನೆಚ್ಚರಿಕೆ

ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡುವುದು ಮೊದಲ ನಿಯಮ. ಹೊಸ ಆವೃತ್ತಿಯಲ್ಲಿ ತೆರೆದು ಅದೇ ಹೆಸರಿನಲ್ಲಿ ಉಳಿಸಿದರೆ ಹಳೆಯದಕ್ಕೆ ಮರಳುವ ದಾರಿ ಮುಚ್ಚುತ್ತದೆ. ಪರಿವರ್ತನೆಯಾದ ಮೇಲೆ ಹಳೆಯ ಪಿಡಿಎಫ್ ಅಥವಾ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟು ಪ್ರತಿ ಪುಟದ ಮೊದಲ ಮತ್ತು ಕೊನೆಯ ಸಾಲನ್ನು ಹೋಲಿಸಬೇಕು. ಸಾಲು ಬೆಳೆದು ಚೌಕಟ್ಟಿನಿಂದ ಹೊರಹೋದ ಪಠ್ಯವನ್ನು ಇನ್‌ಡಿಸೈನ್ ಕೆಂಪು ಕೂಡು ಚಿಹ್ನೆಯಿಂದ ತೋರಿಸುತ್ತದೆ; ಚೌಕಟ್ಟಿನೊಳಗೇ ನಡೆದ ಬದಲಾವಣೆಗೆ ಅಂಥ ಗುರುತಿಲ್ಲ.

ಕೆಲಸ ಮುಗಿದ ದಿನವೇ ತಂತ್ರಾಂಶದ ಸ್ವಂತ ಕಡತ, ವಿನಿಮಯ ರೂಪದ ಒಂದು ಪ್ರತಿ, ಫಾಂಟುಗಳನ್ನು ಒಳಗೊಂಡ ಪಿಡಿಎಫ್, ಇವುಗಳ ಜೊತೆಗೆ ಬಳಸಿದ ಚಿತ್ರಗಳನ್ನೂ ಒಂದೇ ಫೋಲ್ಡರಿನಲ್ಲಿ ಇಡುವುದು ಪರಿಣಾಮಕಾರಿ ಕ್ರಮ. ಇನ್‌ಡಿಸೈನ್‌ನ ‘ಪ್ಯಾಕೇಜ್’ ಆಜ್ಞೆ ಚಿತ್ರಗಳನ್ನೂ ಪರವಾನಗಿ ಅನುಮತಿಸುವ ಫಾಂಟುಗಳನ್ನೂ ಒಟ್ಟುಗೂಡಿಸುತ್ತದೆ. ತಂತ್ರಾಂಶ ಮತ್ತು ಫಾಂಟುಗಳ ಹೆಸರು, ಆವೃತ್ತಿಗಳನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಬರೆದು ಅದೇ ಫೋಲ್ಡರಿನಲ್ಲಿ ಇಟ್ಟರೆ, ಮುಂದೆ ಅದನ್ನು ತೆರೆಯುವವರು ಪತ್ತೆಯ ಹಂತವನ್ನು ದಾಟಿ ನೇರವಾಗಿ ದುರಸ್ತಿಗೆ ಹೋಗಬಹುದು.