ಮೂವರ ಮೇಳ: ‘ಕ್ರೀಮ್’ ವಾದ್ಯಗೋಷ್ಠಿಯ ಏಳುಬೀಳು

1966ನೆಯ ಇಸವಿಯ ಬೇಸಗೆಯಲ್ಲಿ ಲಂಡನ್ ನಗರದ ಮೂವರು ವಾದಕರು ಕೂಡಿ ಒಂದು ಮೇಳ ಕಟ್ಟಿ, ಅದಕ್ಕೆ ‘ಕ್ರೀಮ್’ ಎಂದು ಹೆಸರಿಟ್ಟರು. ಕ್ರೀಮ್ ಎಂದರೆ ಕೆನೆ. ಊರಿನ ಉಳಿದ ವಾದಕರೆಲ್ಲ ಹಾಲಾದರೆ ತಾವು ಅದರ ಮೇಲೆ ಕಟ್ಟಿದ ಕೆನೆ ಎಂಬುದು ಆ ಹೆಸರಿನ ಇಂಗಿತ. ನಾಮಕರಣದಲ್ಲಿ ವಿನಯ ಲೇಶವೂ ಇಲ್ಲ. ಆದರೆ ಸುಳ್ಳೂ ಇರಲಿಲ್ಲವೆಂಬುದೇ ಈ ಕಥೆಯ ಸ್ವಾರಸ್ಯ. ಸುಮಾರು ಎರಡು ವರ್ಷ ನಾಲ್ಕು ತಿಂಗಳು ಬಾಳಿದ ಈ ಮೇಳ ಒಡೆದು ಅರ್ಧ ಶತಮಾನಕ್ಕೂ ಮಿಗಿಲಾಯಿತು. ಆದರೂ ಮೂರೇ ಜನ ನಿಂತು ವಿದ್ಯುತ್ ಗಿಟಾರನ್ನು ಅಬ್ಬರಿಸಿ ನುಡಿಸುವ ವಾದ್ಯಗೋಷ್ಠಿ ಎಲ್ಲಿ ಕಂಡರೂ ಬಲ್ಲವರು ಇವರ ಹೆಸರನ್ನೇ ಎತ್ತುತ್ತಾರೆ.

ಶಾಲೆಯಲ್ಲಿ ಷಟ್ಪದಿಯ ಗಣ ವಿಭಾಗ ಮಾಡಿಸುವ ಕನ್ನಡ ಪಂಡಿತನಿಗೆ ಈ ಗೊಡವೆ ಏಕೆಂದು ಕೇಳಬಹುದು. ರಜೆಗೆ ಬಂದ ನನ್ನ ಅಕ್ಕನ ಮಗ ಅಟ್ಟದ ಕೋಣೆಯಲ್ಲಿ ಈ ಸಂಗೀತವನ್ನು ಹಾಕಿಕೊಂಡಿದ್ದ. ಸದ್ದು ತಗ್ಗಿಸೆಂದು ಗದರಲು ಮೆಟ್ಟಿಲು ಹತ್ತಿದವನು ಬಾಗಿಲಲ್ಲೇ ನಿಂತೆ. ಒಬ್ಬನು ಎಸೆದ ಸ್ವರವನ್ನು ಇನ್ನೊಬ್ಬ ಹಿಡಿಯುತ್ತಿದ್ದ, ಮೂರನೆಯವನು ಅದನ್ನು ತಾಳದಲ್ಲಿ ಮುರಿದು ಹಿಂದಕ್ಕೆ ಕೊಡುತ್ತಿದ್ದ. ‘ಇವರು ಮೂವರೂ ಜಗಳವಾಡುತ್ತಿರುವಂತಿದೆಯಲ್ಲ!’ ಎಂದೆ. ‘ನಿಜವಾಗಿಯೂ ಆಡುತ್ತಿದ್ದರು ಮಾವ’ ಎಂದ ಹುಡುಗ. ಆ ಒಂದು ಮಾತಿನಿಂದ ನನ್ನ ಓದು ಮೊದಲಾಯಿತು.

ಮೊದಲು ‘ಬ್ಲೂಸ್’ ಎಂದರೇನೆಂದು ಎರಡು ಮಾತು ಹೇಳಬೇಕು. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ನಡುವೆ ಹುಟ್ಟಿದ ಹಾಡು ಅದು. ಗುಲಾಮಗಿರಿ ಕಾನೂನಿನಲ್ಲಿ ಅಳಿದರೂ ಬದುಕಿನಲ್ಲಿ ಅಳಿಯದಿದ್ದ ಕಾಲ. ಸಾಮಾನ್ಯವಾಗಿ ಮೂರು ಸಾಲಿನ ಪದ. ಮೊದಲನೆಯ ಸಾಲನ್ನೇ ಎರಡನೆಯ ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುವುದು. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ತ್ರಿಪದಿ ಹಾಡುವಾಗಲೂ ಹೀಗೆಯೇ ನುಡಿ ಮರುಕಳಿಸಿ ಬರುತ್ತದೆಯಲ್ಲವೆ? ಎರಡಕ್ಕೂ ಸಂಬಂಧವೇನೂ ಇಲ್ಲ. ದುಡಿಯುವವರ ಉಸಿರು ಎಲ್ಲ ಕಡೆಯೂ ಒಂದೇ ಬಗೆಯಾಗಿ ಎಳೆದೀತೆಂದು ನನ್ನ ಊಹೆ, ಅಷ್ಟೆ. ಈ ಹಾಡುಗಾರರಲ್ಲಿ ರಾಬರ್ಟ್ ಜಾನ್‌ಸನ್ ಎಂಬಾತ 1936 ಮತ್ತು 1937ರಲ್ಲಿ ಟೆಕ್ಸಾಸಿನ ಎರಡು ಊರುಗಳಲ್ಲಿ ಕುಳಿತು 29 ಹಾಡುಗಳನ್ನು ಗ್ರಾಮೊಫೋನ್ ಪ್ಲೇಟಿಗೆ ಹಾಡಿ, 1938ರಲ್ಲಿ ತನ್ನ 27ನೆಯ ವಯಸ್ಸಿನಲ್ಲಿ ತೀರಿಕೊಂಡ. ಸ್ವದೇಶದಲ್ಲಿಯೇ ಬಹುಮಟ್ಟಿಗೆ ಮರೆತುಹೋಗಿದ್ದ ಇಂಥವರ ಪ್ಲೇಟುಗಳು ಯುದ್ಧಾನಂತರದ ಇಂಗ್ಲೆಂಡಿನ ಹುಡುಗರ ಕೈಗೆ ಸಿಕ್ಕಿದವು. ಅವರು ಅವನ್ನು ವೇದಪಾಠದಂತೆ ಕಂಠಸ್ಥ ಮಾಡಿದರು.

ಅಂಥ ಹುಡುಗರಲ್ಲಿ ಒಬ್ಬ ಎರಿಕ್ ಕ್ಲಾಪ್ಟನ್. 1945ರಲ್ಲಿ ಸರ್ರೆ ಪ್ರಾಂತದ ರಿಪ್ಲಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಅಜ್ಜಿ ತಾತಂದಿರನ್ನೇ ತಂದೆತಾಯಿಯೆಂದು ನಂಬಿ ಬೆಳೆದವನು. ‘ಯಾರ್ಡ್‌ಬರ್ಡ್ಸ್’ ಎಂಬ ಮೇಳದಲ್ಲಿದ್ದಾಗ, ಅದು ಜನಪ್ರಿಯತೆಯ ಕಡೆಗೆ ವಾಲುತ್ತಿದೆಯೆಂದು ಬೇಸತ್ತು 1965ರಲ್ಲಿ ಹೊರಬಂದ. ಅದೂ ಅದರ ಹಾಡೊಂದು ಪ್ರಸಿದ್ಧಿಗೆ ಬರುತ್ತಿದ್ದ ಹೊತ್ತಿನಲ್ಲಿ! ಆಮೇಲೆ ಜಾನ್ ಮೇಯಾಲರ ಮೇಳದಲ್ಲಿ ನುಡಿಸಿದ ಒಂದು ವರ್ಷದಲ್ಲಿ ಎಷ್ಟು ಹೆಸರಾದನೆಂದರೆ, ಲಂಡನ್ನಿನ ಗೋಡೆಯೊಂದರ ಮೇಲೆ ಯಾರೋ ‘ಕ್ಲಾಪ್ಟನ್ನನೇ ದೇವರು’ ಎಂಬ ಅರ್ಥದ ಬರಹ ಬರೆದರು. ಇಪ್ಪತ್ತೊಂದರ ಹುಡುಗನಿಗೆ ಇದಕ್ಕಿಂತ ಭಾರವಾದ ಮೂಟೆ ಬೇರೆ ಬೇಕೆ?

ಎರಡನೆಯವನು ಜಾಕ್ ಬ್ರೂಸ್. 1943ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನನ. ವಿದ್ಯಾರ್ಥಿವೇತನ ಪಡೆದು ಗ್ಲಾಸ್ಗೋ ನಗರದ ಸಂಗೀತ ವಿದ್ಯಾಲಯದಲ್ಲಿ ಚೆಲ್ಲೊ ಕಲಿಯುತ್ತಿದ್ದ. ರಾತ್ರಿ ಜಾಸ್ ನುಡಿಸುವುದು ಅಲ್ಲಿನ ಗುರುಗಳಿಗೆ ಸರಿಬೀಳದೆ ವಿದ್ಯಾಲಯವನ್ನೇ ಬಿಟ್ಟ. ಮೇಳದಲ್ಲಿ ಅವನದು ಬಾಸ್ ಗಿಟಾರ್ ಮತ್ತು ಮುಖ್ಯ ಗಾಯನ. ಮೂರನೆಯವನು, ಕೆಂಗೂದಲಿನಿಂದಾಗಿ ‘ಜಿಂಜರ್’ ಎಂದೇ ಕರೆಸಿಕೊಂಡ ಪೀಟರ್ ಬೇಕರ್. 1939ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆ 1943ರಲ್ಲಿ ಯುದ್ಧದಲ್ಲಿ ಮಡಿದರು. ಹುಡುಗನಾಗಿದ್ದಾಗ ಸೈಕಲ್ ಪಂದ್ಯದ ಹುಚ್ಚು. ಆಮೇಲೆ ಡ್ರಮ್ ಹಿಡಿದು, ಜಾಸ್ ವಾದಕರ ಸಹವಾಸದಲ್ಲಿ ಆಫ್ರಿಕದ ತಾಳಗಳ ರುಚಿ ಹತ್ತಿಸಿಕೊಂಡ. ಒಂದಲ್ಲ, ಎರಡು ದೊಡ್ಡ ಡ್ರಮ್‌ಗಳನ್ನು ಎರಡು ಕಾಲುಗಳಿಂದ ಬಾರಿಸುವುದು ಇವನ ವೈಶಿಷ್ಟ್ಯ.

ಬ್ರೂಸ್ ಮತ್ತು ಬೇಕರ್ ಹಿಂದೆ ಗ್ರಹಾಮ್ ಬಾಂಡ್ ಎಂಬಾತನ ಮೇಳದಲ್ಲಿ ಜೊತೆಗಿದ್ದರು. ಜೊತೆಗಿದ್ದರು ಎನ್ನುವುದಕ್ಕಿಂತ ಕಾದಾಡಿಕೊಂಡಿದ್ದರು ಎನ್ನುವುದೇ ಸರಿ. ರಂಗದ ಮೇಲೆಯೇ ಕೈ ಮಿಲಾಯಿಸಿದ್ದುಂಟು. ಕಡೆಗೆ ಬೇಕರನೇ ಬ್ರೂಸನನ್ನು ಮೇಳದಿಂದ ಹೊರಹಾಕಿದ. ಹೊರಹಾಕಿದ ಮೇಲೂ ಬ್ರೂಸ್ ಕಚೇರಿಗೆ ಹಾಜರಾಗುತ್ತಿದ್ದನಂತೆ. ಹೀಗಿರಲು 1966ರಲ್ಲಿ ಬೇಕರ್ ತನ್ನ ಕಾರಿನಲ್ಲಿ ಕ್ಲಾಪ್ಟನ್ನನನ್ನು ಕೂರಿಸಿಕೊಂಡು ಬರುವಾಗ ಹೊಸ ಮೇಳದ ಮಾತೆತ್ತಿದ. ಕ್ಲಾಪ್ಟನ್ ಒಪ್ಪಿದ, ಆದರೆ ಬಾಸ್ ನುಡಿಸಲು ಜಾಕ್ ಬ್ರೂಸ್ ಬರಬೇಕೆಂದ. ಅದನ್ನು ಕೇಳಿ ಬೇಕರ್ ಕಾರನ್ನು ಎಲ್ಲಿಗೋ ಗುದ್ದಿಸುವುದರಲ್ಲಿದ್ದನೆಂದು ಹೇಳುತ್ತಾರೆ. ಪಾಪ, ಕ್ಲಾಪ್ಟನ್ನನಿಗೆ ಹಳೆಯ ಹಗೆಯ ಆಳ ತಿಳಿದಿರಲಿಲ್ಲ. ಬೇಕರ್ ಬ್ರೂಸನ ಮನೆಗೆ ಹೋಗಿ ಕರೆದ. ಕಲೆಯ ಆಸೆ ಮಾನದ ಮೇಲೆ ಗೆದ್ದಿತು.

ಜುಲೈ 31ರಂದು ವಿಂಡ್ಸರ್ ಊರಿನ ಜಾಸ್ ಮತ್ತು ಬ್ಲೂಸ್ ಉತ್ಸವದಲ್ಲಿ ಮೇಳದ ವಿಧ್ಯುಕ್ತ ಪ್ರವೇಶವಾಯಿತು. ಡಿಸೆಂಬರಿನಲ್ಲಿ ‘ಫ್ರೆಶ್ ಕ್ರೀಮ್’ ಎಂಬ ಮೊದಲನೆಯ ಎಲ್.ಪಿ. ಹೊರಟಿತು. ಅದೇ ಅಕ್ಟೋಬರ್ 1ರಂದು ನಡೆದ ಒಂದು ಪ್ರಸಂಗ ಮಾತ್ರ ಮರೆಯುವಂಥದಲ್ಲ. ಅಮೆರಿಕದಿಂದ ಬಂದು ಕೆಲವೇ ದಿನಗಳಾಗಿದ್ದ ಜಿಮಿ ಹೆಂಡ್ರಿಕ್ಸ್ ಎಂಬ ತರುಣ, ಇವರ ಕಚೇರಿಯಲ್ಲಿ ತಾನೂ ಒಂದು ಹಾಡು ನುಡಿಸುವೆನೆಂದು ರಂಗಕ್ಕೆ ಏರಿದ. ಅವನ ಕೈಚಳಕ ಕಂಡು ಕ್ಲಾಪ್ಟನ್ ದಿಗ್ಭ್ರಾಂತನಾದ. ಗೋಡೆಯ ಮೇಲಿನ ದೇವರಿಗೆ ಎದುರಾಳಿ ಸಿಕ್ಕಿದ್ದ. ಆದರೆ ಹಗೆ ಹುಟ್ಟಲಿಲ್ಲ, ಸ್ನೇಹ ಹುಟ್ಟಿತು. ಮುಂದೆ ಹೆಂಡ್ರಿಕ್ಸನ ಕಚೇರಿಯೊಂದನ್ನು ಕೇಳಿ ಮನೆಗೆ ಬಂದ ಬ್ರೂಸನ ಬೆರಳಿಗೆ ಹೊಳೆದ ಸ್ವರಪಂಕ್ತಿಯೇ ‘ಸನ್‌ಶೈನ್ ಆಫ್ ಯುವರ್ ಲವ್’ ಎಂಬ, ಇವರ ಹಾಡುಗಳಲ್ಲೆಲ್ಲ ಹೆಚ್ಚು ಹೆಸರಾದ ಹಾಡಿಗೆ ಬೀಜವಾಯಿತು. ಸಾಹಿತ್ಯ ಹೊಂದಿಸಿದವನು ಪೀಟ್ ಬ್ರೌನ್ ಎಂಬ ಕವಿ.

ಆ ಹಾಡುಳ್ಳ ಎರಡನೆಯ ಎಲ್.ಪಿ.ಯನ್ನು 1967ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದರು. ಅದರ ಹೆಸರು ‘ಡಿಸ್ರೇಲಿ ಗೇರ್ಸ್’. ನನ್ನಂಥ ವೈಯಾಕರಣರಿಗೆ ಇದು ಹಬ್ಬದೂಟ. ಕ್ಲಾಪ್ಟನ್ ಪಂದ್ಯದ ಸೈಕಲ್ ಕೊಳ್ಳುವ ಮಾತಾಡುತ್ತಿದ್ದ. ಸರಪಳಿ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಜಾರುವ ಆ ಗೇರಿಗೆ ‘ಡಿರೇಲರ್’ ಎಂದು ಹೆಸರು. ಜೊತೆಯಲ್ಲಿದ್ದ ಸಾಮಾನು ಸಾಗಿಸುವ ಸಹಾಯಕ ನಾಲಿಗೆ ತಪ್ಪಿ, 19ನೆಯ ಶತಮಾನದ ಪ್ರಧಾನಮಂತ್ರಿ ಡಿಸ್ರೇಲಿಯ ಹೆಸರನ್ನು ಸೈಕಲ್ಲಿಗೆ ಜೋಡಿಸಿಬಿಟ್ಟ! ಎಲ್ಲರೂ ಬಿದ್ದು ಬಿದ್ದು ನಕ್ಕು ಆ ಅಪಭ್ರಂಶವನ್ನೇ ಪ್ಲೇಟಿಗೆ ಇಟ್ಟರು. ಇವರ ಕೊನೆಯ ಎಲ್.ಪಿ.ಯಲ್ಲಿ ಕ್ಲಾಪ್ಟನ್ ಮತ್ತು ಬೀಟಲ್ಸ್ ಮೇಳದ ಜಾರ್ಜ್ ಹ್ಯಾರಿಸನ್ ಸೇರಿ ಕಟ್ಟಿದ ‘ಬ್ಯಾಡ್ಜ್’ ಎಂಬ ಹಾಡಿದೆ, ಅದೂ ಇಂಥದೇ. ಹ್ಯಾರಿಸನ್ ಕಾಗದದ ಮೇಲೆ ಹಾಡಿನ ನಡುಭಾಗವೆಂಬ ಅರ್ಥದಲ್ಲಿ ‘ಬ್ರಿಡ್ಜ್’ ಎಂದು ಬರೆದಿದ್ದನ್ನು ಎದುರು ಕುಳಿತಿದ್ದ ಕ್ಲಾಪ್ಟನ್ ತಲೆಕೆಳಗಾಗಿ ಓದಿದ್ದ. ಲಿಪಿಕಾರರ ದೋಷದಿಂದ ಪಾಠಾಂತರಗಳು ಹುಟ್ಟುವುದು ನಮ್ಮ ಓಲೆಗರಿಗಳಲ್ಲಿ ಮಾತ್ರವಲ್ಲ.

ರೇಡಿಯೋಗೂ ಇವರಿಗೂ ಇದ್ದ ನಂಟನ್ನು ಈ ಪತ್ರಿಕೆಯ ಓದುಗರಿಗೆ ಹೇಳದೆ ಬಿಡಲಾಗದು. ಆಗ ಬಿ.ಬಿ.ಸಿ.ಯಲ್ಲಿ ದಿನಕ್ಕೆ ಇಂತಿಷ್ಟೇ ಹೊತ್ತು ಪ್ಲೇಟು ಹಾಕಬಹುದೆಂಬ ಕಟ್ಟುಪಾಡಿತ್ತು. ವಾದಕರ ಜೀವನೋಪಾಯಕ್ಕೆ ಧಕ್ಕೆ ಬಾರದಿರಲೆಂದು ಅವರ ಸಂಘ ಮಾಡಿಸಿದ ಒಪ್ಪಂದ ಅದು. ಆದ್ದರಿಂದ ಮೇಳಗಳು ಸ್ಟುಡಿಯೋಗೆ ಬಂದು ಪ್ರಸಾರಕ್ಕೆಂದೇ ಹೊಸದಾಗಿ ನುಡಿಸಬೇಕಿತ್ತು. ಕ್ರೀಮ್ ಕೂಡ ಹಾಗೆ ಹಲವು ಸಲ ನುಡಿಸಿತು. ಆ ಮುದ್ರಣಗಳು 2003ರಲ್ಲಿ ಸಂಗ್ರಹವಾಗಿ ಹೊರಬಂದವು. ಅಲ್ಲಿ ಹಾಡುಗಳು ಮೂರು ನಾಲ್ಕು ನಿಮಿಷಗಳಲ್ಲಿ ಅಚ್ಚುಕಟ್ಟಾಗಿ ಮುಗಿಯುತ್ತವೆ. ಗಡಿಯಾರದ ಅಂಕುಶ ಇವರಿಗೆ ಒಳ್ಳೆಯದನ್ನೇ ಮಾಡಿತ್ತೆಂದು ನನ್ನ ಮತ.

ಅಂಕುಶ ಜಾರಿದ್ದು ಅಮೆರಿಕದಲ್ಲಿ. 1967ರ ಆಗಸ್ಟಿನಲ್ಲಿ ಸಾನ್‌ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣದಲ್ಲಿ, ಎಷ್ಟು ಹೊತ್ತಾದರೂ ಕುಳಿತು ಕೇಳುವ ತರುಣರ ಮುಂದೆ ಇವರು ಮನೋಧರ್ಮಕ್ಕೆ ಪೂರ್ತಿ ಸಡಿಲು ಬಿಟ್ಟರು. ಆ ಊರಿನ ಎಫ್.ಎಂ. ರೇಡಿಯೋದಲ್ಲಿಯೂ ಅದೇ ವರ್ಷ ಎಲ್.ಪಿ.ಯ ಉದ್ದುದ್ದ ಹಾಡುಗಳನ್ನು ಪೂರ್ತಿ ಹಾಕುವ ಪದ್ಧತಿ ಬಂದಿತ್ತು. ‘ಸ್ಪೂನ್‌ಫುಲ್’ ಎಂಬ ಹಾಡು ಹದಿನಾರು ನಿಮಿಷ ಮೀರಿ ಬೆಳೆಯಿತು. ನಮ್ಮ ಕಚೇರಿಯಲ್ಲಿ ತನಿ ಆವರ್ತನವೆಂದರೆ ಗಾಯಕನೂ ಪಿಟೀಲಿನವರೂ ಸುಮ್ಮನಾಗಿ ಮೃದಂಗಕ್ಕೆ ದಾರಿ ಬಿಡುತ್ತಾರೆ. ಇಲ್ಲಿ ಮೂವರೂ ಏಕಕಾಲಕ್ಕೆ ತನಿ! ಹಿಂದೆ ನಿಂತು ಆಧಾರ ಕೊಡಬೇಕಾದ ಬಾಸ್ ಗಿಟಾರ್ ತಾನೇ ಮುಂದಾಳಾಗಿ ಓಡುತ್ತಿತ್ತು. ಒಳ್ಳೆಯ ರಾತ್ರಿಗಳಲ್ಲಿ ಅದು ಅದ್ಭುತವಾಗಿರುತ್ತಿತ್ತು. 1968ರ ಮಾರ್ಚ್ 10ರಂದು ಮುದ್ರಿತವಾದ ‘ಕ್ರಾಸ್‌ರೋಡ್ಸ್’ ಕೇಳಿದರೆ ಸಾಕು. ರಾಬರ್ಟ್ ಜಾನ್‌ಸನ್ ಒಂಟಿ ಗಿಟಾರಿನಲ್ಲಿ ಹಾಡಿಟ್ಟುಹೋದದ್ದು ಇಲ್ಲಿ ಗುಡುಗು ಮಳೆಯಾಗಿದೆ. ಅದು ನಾಲ್ಕೇ ನಿಮಿಷದ್ದೆಂಬುದನ್ನೂ ಗಮನಿಸಬೇಕು. ಆ ಹಾಡಿರುವ ‘ವೀಲ್ಸ್ ಆಫ್ ಫೈರ್’ ಎಂಬ ಜೋಡಿ ಎಲ್.ಪಿ. ಅಮೆರಿಕದ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು.

ಅಷ್ಟರಲ್ಲಿ ಒಳಗೆ ಹುಳ ಹೊಕ್ಕಿತ್ತು. ಕಾರಣ ಒಂದಲ್ಲ. ಆಳೆತ್ತರಕ್ಕೆ ಪೇರಿಸಿದ ಧ್ವನಿವರ್ಧಕಗಳ ಮುಂದೆ ಬ್ರೂಸನೂ ಕ್ಲಾಪ್ಟನ್ನನೂ ಪೈಪೋಟಿಯಿಂದ ಸದ್ದು ಏರಿಸಿದರು. ಡ್ರಮ್ಮಿಗೆ ಇರುವುದು ಮನುಷ್ಯನ ತೋಳಿನ ಬಲ ಮಾತ್ರ. ಬೇಕರನ ಕೈ ನೊಂದಿತು, ಕಿವಿ ಕೆಟ್ಟಿತು. ಹಾಡಿನ ಕರ್ತೃತ್ವದ ಹಣದ ಪ್ರಶ್ನೆ ಬೇರೆ. ಸ್ವರ ಮತ್ತು ಸಾಹಿತ್ಯ ಬರೆದವರಿಗೆ ಗೌರವಧನ ಹೋಗುತ್ತಿತ್ತು, ಅಂದರೆ ಹೆಚ್ಚಿನದು ಬ್ರೂಸ್ ಮತ್ತು ಪೀಟ್ ಬ್ರೌನರಿಗೆ. ‘ವೈಟ್ ರೂಮ್’ ಹಾಡಿನ ಆರಂಭದ ಐದರ ನಡೆ ತನ್ನದು, ಆದರೂ ತನಗೆ ಕಾಸಿಲ್ಲ ಎಂಬ ಕೊರಗನ್ನು ಬೇಕರ್ ಕೊನೆಯವರೆಗೂ ಬಿಡಲಿಲ್ಲ. ತಾಳ ಹಾಕಿದವನು ಕರ್ತೃವೇ ಅಲ್ಲವೇ? ಕಾನೂನು ಅಲ್ಲವೆಂದಿತು. ನನಗೆ ಕಾನೂನಿನ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ಇದರ ಮೇಲೆ ಬಿಡುವಿಲ್ಲದ ಪ್ರವಾಸ. ಒಂದು ರಾತ್ರಿ ಕ್ಲಾಪ್ಟನ್ ನಡುವೆ ನುಡಿಸುವುದನ್ನೇ ನಿಲ್ಲಿಸಿ ನಿಂತನಂತೆ. ಉಳಿದಿಬ್ಬರಿಗೂ ಅದು ಗೊತ್ತೇ ಆಗಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಮೇಳ ಒಡೆದದ್ದು ಆ ಕ್ಷಣದಲ್ಲಿ ಎಂದರೆ ತಪ್ಪಾಗಲಾರದು.

1968ರ ಮೇ ತಿಂಗಳಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕ ಜಾನ್ ಲ್ಯಾಂಡೌ, ಕ್ಲಾಪ್ಟನ್ ಹಳೆಯ ಬ್ಲೂಸ್ ನುಡಿಗಟ್ಟುಗಳನ್ನೇ ತಿರುಗಿಸಿ ಮುರುಗಿಸಿ ನುಡಿಸುತ್ತಾನೆಂದು ಬರೆದ. ಅದನ್ನು ಓದಿ ಕ್ಲಾಪ್ಟನ್ ಮೂರ್ಛೆ ಹೋದ. ಉತ್ಪ್ರೇಕ್ಷಾಲಂಕಾರವಲ್ಲ, ನಿಜವಾಗಿ ಬಿದ್ದ. ವಿಮರ್ಶೆ ಸುಳ್ಳಾಗಿದ್ದರೆ ಕೋಪ ಬರುತ್ತಿತ್ತು. ಅದೇ ಸುಮಾರಿಗೆ ‘ದ ಬ್ಯಾಂಡ್’ ಎಂಬ ಮೇಳದ ಸದ್ದಡಗಿದ, ಹಾಡಿಗೇ ಮುಖ್ಯತೆ ಕೊಟ್ಟ ಮೊದಲ ಎಲ್.ಪಿ.ಯನ್ನು ಕೇಳಿ ಅವನ ಮನಸ್ಸು ತಿರುಗಿಬಿಟ್ಟಿತು. ಜುಲೈಯಲ್ಲಿ ಮೇಳ ವಿಸರ್ಜನೆಯಾಗುವುದೆಂದು ಪ್ರಕಟಿಸಿದರು. ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಒಂದೇ ದಿನ ಎರಡು ಕಚೇರಿ ನಡೆಸಿ ಬೀಳ್ಕೊಂಡರು, ಬಿ.ಬಿ.ಸಿ. ಅದನ್ನು ಚಿತ್ರೀಕರಿಸಿತು. 1969ರ ಜನವರಿ 4ರಂದು ಹೆಂಡ್ರಿಕ್ಸ್ ಬಿ.ಬಿ.ಸಿ. ಟೆಲಿವಿಷನ್ನಿನ ನೇರ ಪ್ರಸಾರದಲ್ಲಿ ತನ್ನ ಹಾಡನ್ನು ಅರ್ಧಕ್ಕೇ ಬಿಟ್ಟು, ಒಡೆದ ಮೇಳಕ್ಕೆ ಗೌರವವೆಂದು ‘ಸನ್‌ಶೈನ್ ಆಫ್ ಯುವರ್ ಲವ್’ ನುಡಿಸತೊಡಗಿದ. ಕಾರ್ಯಕ್ರಮದ ಹೊತ್ತು ಮೀರಿತು. ನಿಲಯದವರ ಪಾಡನ್ನು ಓದುಗರು ಊಹಿಸಿಕೊಳ್ಳಬಹುದು.

ಇನ್ನೊಂದು ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಸ್ಕಿಪ್ ಜೇಮ್ಸ್ ಎಂಬ ಮಿಸಿಸಿಪ್ಪಿಯ ಕಪ್ಪು ಗಾಯಕ 1931ರಲ್ಲಿ ‘ಐ ಆಮ್ ಸೋ ಗ್ಲ್ಯಾಡ್’ ಎಂಬ ಹಾಡನ್ನು ಪ್ಲೇಟಿಗೆ ಹಾಡಿದ್ದ. ಆ ಪ್ಲೇಟುಗಳಿಂದ ಅವನಿಗೆ ಹೇಳಿಕೊಳ್ಳುವಂಥದೇನೂ ದೊರೆಯಲಿಲ್ಲ. ದಶಕಗಳ ಮೇಲೆ, 1964ರಲ್ಲಿ ಕೆಲವು ಅಭಿಮಾನಿಗಳು ಅವನನ್ನು ಹುಡುಕಿ ಹೋದಾಗ ಆಸ್ಪತ್ರೆಯಲ್ಲಿ ಮಲಗಿದ್ದ. ಕ್ರೀಮ್ ತನ್ನ ಮೊದಲ ಎಲ್.ಪಿ.ಯಲ್ಲಿ ಆ ಹಾಡನ್ನು ನುಡಿಸಿ ಅವನ ಹೆಸರನ್ನೇ ಹಾಕಿತು. ಅದರಿಂದ ಬಂದ ಹಣ 1969ರಲ್ಲಿ ತೀರಿಕೊಂಡ ಆತನ ಕೊನೆಗಾಲದ ಔಷಧೋಪಚಾರಕ್ಕೆ ಒದಗಿತು. ಎಷ್ಟೋ ಹಾಡುಗಾರರಿಗೆ ಇಷ್ಟೂ ಒದಗಲಿಲ್ಲ.

ಮೂವರೂ ಮುಂದೆ ಬೇರೆ ಬೇರೆ ದಾರಿ ಹಿಡಿದರು. ಬೇಕರ್ ಸಹಾರಾ ಮರುಭೂಮಿಯನ್ನು ಕಾರಿನಲ್ಲಿ ದಾಟಿ ನೈಜೀರಿಯಕ್ಕೆ ಹೋಗಿ, ಫೇಲಾ ಕೂಟಿಯ ಜೊತೆ ನುಡಿಸಿ, ಲಾಗೋಸಿನಲ್ಲಿ ಮುದ್ರಣಾಲಯ ತೆರೆದದ್ದು ಮತ್ತೊಂದು ಭಾಷಣಕ್ಕೆ ಸಾಲುವ ವಿಷಯ. 2005ರ ಮೇ ತಿಂಗಳಲ್ಲಿ ಮೂವರೂ ಅದೇ ಆಲ್ಬರ್ಟ್ ಹಾಲಿನಲ್ಲಿ ನಾಲ್ಕು ರಾತ್ರಿ ಮತ್ತೆ ಕೂಡಿದರು. ಬ್ರೂಸನಿಗೆ ಆಗ ಯಕೃತ್ತಿನ ಕಸಿ ನಡೆದು ಎರಡು ವರ್ಷವಾಗಿತ್ತಷ್ಟೆ. ಧ್ವನಿವರ್ಧಕಗಳು ಈ ಸಲ ಚಿಕ್ಕವು, ಹಾಡುಗಳು ಅಳತೆಯವು, ಮುಖಗಳಲ್ಲಿ ನಗುವೂ ಇತ್ತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೂರು ರಾತ್ರಿ ನುಡಿಸಿದಾಗ ಬ್ರೂಸನಿಗೂ ಬೇಕರನಿಗೂ ಮತ್ತೆ ಸದ್ದಿನ ವಿಷಯಕ್ಕೇ ಮಾತು ಬೆಳೆಯಿತು. ಆಮೇಲೆ ಮೂವರೂ ಒಂದು ಮೇಳವಾಗಿ ರಂಗವೇರಲಿಲ್ಲ. ಬ್ರೂಸ್ 2014ರಲ್ಲಿಯೂ ಬೇಕರ್ 2019ರಲ್ಲಿಯೂ ತೀರಿಕೊಂಡರು.