ದಿಕ್ಕಿಲ್ಲದವರ ಮನೆಯಿಂದ ಹಿರಿಯರ ಮನೆಗೆ

ನಾನಿರುವ ಇಂದಾಪುರ ಪುಣೆ ಜಿಲ್ಲೆಯ ಆಗ್ನೇಯ ಮೂಲೆಯ ತಾಲ್ಲೂಕು, ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. ಸುತ್ತಲೂ ಕಬ್ಬು, ದಾಳಿಂಬೆ, ಪೇರಲ. ಹತ್ತಿರದಲ್ಲೇ ಉಜನಿ ಜಲಾಶಯದ ಹಿನ್ನೀರು. ಆ ನೀರು ಭೀಮಾ ನದಿಯದು. ಅಣೆಕಟ್ಟಿನಿಂದ ಇಳಿದು, ಪಂಢರಪುರ ದಾಟಿ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯ ದಂಡೆಗೇ ಹೋಗುತ್ತದೆ. ಬ್ಯಾಂಕಿನ ನೌಕರಿಯಲ್ಲಿ ಹತ್ತು ಊರು ಸುತ್ತಿ ಕೊನೆಗೆ ಇಲ್ಲಿ ಮನೆ ಕಟ್ಟಿಸಿದಾಗ ಅಪ್ಪ, "ಹೋಗ್ಲಿ ಬಿಡು, ಹೊಳಿ ಅಂತೂ ನಮ್ದ ಅದ" ಅಂದಿದ್ದರು.

2018ರಲ್ಲಿ ಅದೇ ಅಪ್ಪ ಕೇಳಿದ ಇನ್ನೊಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಅವರಿಗೆ ಎಂಬತ್ತಾರು. ಅವ್ವ ಎಂಬತ್ತು ದಾಟಿದ್ದಳು. ಹಿಂದಿನ ವರ್ಷ ಅಪ್ಪ ಬಚ್ಚಲದಲ್ಲಿ ಬಿದ್ದು ಎಲುಬು ಮುರಿದುಕೊಂಡಿದ್ದರಿಂದ ಇಬ್ಬರನ್ನೂ ಊರಿನಿಂದ ಕರೆತಂದಿದ್ದೆವು. ಅವ್ವನಿಗೆ ಮರೆವಿನ ಕಾಯಿಲೆ. ಒಲೆ ಹಚ್ಚಿ ಮರೆಯುವುದು, ನಡುರಾತ್ರಿ ಎದ್ದು ಹೊರಬಾಗಿಲು ತೆಗೆಯುವುದು ಶುರುವಾಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಯಿತು. ಮಗಳು ಪರದೇಶದಲ್ಲಿ. ಇಬ್ಬರನ್ನು ಎತ್ತಿ ಕೂರಿಸಲು ನಿವೃತ್ತನಾದ ನಾನೊಬ್ಬನೇ. ಪುಣೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ಮನೆಗಳಿವೆಯಂತೆ ಎಂದು ನಾನು ಬಾಯಿ ತೆಗೆದ ದಿನ ಅಪ್ಪ ಕೇಳಿದ್ದು ಇಷ್ಟೇ: "ಅಂದ್ರ ನಾವು ದಿಕ್ಕಿಲ್ಲದವರಾದ್ವಿ ಏನು?"

ಅವರು ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದರು. ಆ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಯಸ್ಸಾದವರು ಮನೆ ಬಿಟ್ಟು ಬೇರೆಡೆ ಇರುವುದು ನಮ್ಮಲ್ಲಿ ಹೊಸದೇನಲ್ಲ. ಮೊದಲಿನಿಂದಲೂ ಕಾಶಿಗೆ ಹೋಗಿ ಉಳಿಯುತ್ತಿದ್ದರು. ನಮ್ಮ ಭೀಮೆಯ ದಂಡೆಯಲ್ಲೇ ನೀರಾ ನರಸಿಂಹಪುರ, ಪಂಢರಪುರ, ಗಾಣಗಾಪುರ ಇವೆ. ಇಂಥ ಕ್ಷೇತ್ರಗಳ ಮಠ, ಧರ್ಮಶಾಲೆಗಳಲ್ಲಿ ಕೊನೆಯ ದಿನ ಕಳೆದ ಮುದುಕ ಮುದುಕಿಯರು ಎಷ್ಟೋ ಜನ. ಅವರನ್ನು ದಿಕ್ಕಿಲ್ಲದವರು ಎಂದು ಯಾರೂ ಅನ್ನಲಿಲ್ಲ, ಪುಣ್ಯವಂತರು ಅಂದರು. ಮನೆಯಲ್ಲಿ ಉಳಿದವರಿಗೆ ಆಸ್ತಿಯೇ ಆಧಾರ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಹುಟ್ಟಿದ ಕೂಡಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. ಕಾಮರ್ಸ್ ಓದಿದ ನನಗೆ ಇದು ಲೆಡ್ಜರಿನ ಎರಡು ಬದಿಯ ಹಾಗೆ ಕಾಣುತ್ತದೆ. ಒಂದು ಕಡೆ ಹೊಲ ಮನೆ, ಇನ್ನೊಂದು ಕಡೆ ತಂದೆತಾಯಿಯ ಮುಪ್ಪು. ಹೊಲದ ಮೇಲೆಯೇ ಮಗ ಇರುವ ತನಕ ಲೆಕ್ಕ ತಾಳೆಯಾಗುತ್ತಿತ್ತು.

ಅನ್ನ ಹಾಕುವವರೇ ಇಲ್ಲದವರಿಗಾಗಿ ಮನೆ ಕಟ್ಟುವ ಪದ್ಧತಿ ಬೆಳೆದದ್ದು ಬ್ರಿಟಿಷರ ಕಾಲದಲ್ಲಿ. ಬೆಂಗಳೂರಿನ ಫ್ರೆಂಡ್-ಇನ್-ನೀಡ್ ಸೊಸೈಟಿ 1840ರದು. ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕ್ರೈಸ್ತ ಸನ್ಯಾಸಿನಿಯರು 1882ರಲ್ಲಿ ಕಲಕತ್ತೆಗೆ ಬಂದರು, ಮುಂದೆ ಬೆಂಗಳೂರಿನಲ್ಲೂ ಬಡ ವೃದ್ಧರಿಗೆ ಮನೆ ತೆರೆದರು. ಪುಣೆಯಲ್ಲಿ 1860ರ ದಶಕದಲ್ಲಿ ಡೇವಿಡ್ ಸಸೂನ್ ಅವರ ದಾನದಿಂದ ಅಶಕ್ತರ ಆಶ್ರಯ ಹುಟ್ಟಿತು. 'ನಿವಾರಾ' ಎಂಬ ಹೆಸರಿನಲ್ಲಿ ಪುಣೆಯ ಜನ ಅದನ್ನು ಬಲ್ಲರು. ದೊಡ್ಡ ಕೆಲಸ, ಕೈಮುಗಿಯಬೇಕಾದ ಕೆಲಸ. ಆದರೆ ಒಳಗೆ ಹೋಗಲು ಬೇಕಾದ ಅರ್ಹತೆಯೇ ಬಡತನ ಮತ್ತು ಒಂಟಿತನ. ನೂರೈವತ್ತು ವರ್ಷ ಹೀಗೇ ನಡೆದ ಮೇಲೆ 'ವೃದ್ಧಾಶ್ರಮ' ಅಂದ ಕೂಡಲೇ ನಮ್ಮ ಹಳ್ಳಿಯ ಕಿವಿಗೆ 'ಅನಾಥಾಶ್ರಮ' ಎಂದು ಕೇಳಿಸಿದರೆ ತಪ್ಪು ಕಿವಿಯದಲ್ಲ. ಅಪ್ಪನ ಪ್ರಶ್ನೆಗೆ ಇಷ್ಟು ಹಳೆಯ ಬೇರಿತ್ತು.

ಇತ್ತ ಮಕ್ಕಳು ಊರು ಬಿಟ್ಟದ್ದಕ್ಕೂ ಒಂದು ಇತಿಹಾಸವಿದೆ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅದರಲ್ಲಿ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಇದ್ದವು. 1980ರಲ್ಲಿ ಇನ್ನಾರು, ಅದರಲ್ಲಿ ವಿಜಯಾ, ಕಾರ್ಪೊರೇಷನ್. ದೇಶದ ಮೂಲೆಮೂಲೆಗೆ ಶಾಖೆಗಳಾದವು, ಕನ್ನಡದ ಹುಡುಗರು ಟ್ರಂಕು ಹೊತ್ತು ಹೊರಟರು. ನಾನೂ ಎಂಬತ್ತರ ದಶಕದ ಆರಂಭದಲ್ಲಿ ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಆ ಸಾಲಿಗೆ ಸೇರಿದವನೇ. ಮೂರು ವರ್ಷಕ್ಕೊಂದು ವರ್ಗ, ಹೊಸ ಊರು, ಹೊಸ ಭಾಷೆ. ಅಪ್ಪ ಹೆಮ್ಮೆಯಿಂದ "ಮಗ ಆಫೀಸರ ಆಗ್ಯಾನ" ಅನ್ನುತ್ತಿದ್ದರು. ಆ ಹೆಮ್ಮೆಯ ಬಾಕಿ ಮೂವತ್ತೈದು ವರ್ಷದ ಮೇಲೆ ತೀರಿಸಬೇಕಾಗುತ್ತದೆ ಎಂದು ಇಬ್ಬರೂ ಎಣಿಸಿರಲಿಲ್ಲ. ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಎಂಬ ಹೆಸರುಗಳು 2019 ಮತ್ತು 2020ರ ವಿಲೀನದಲ್ಲಿ ಹೋದವು. ಅವು ಚದುರಿಸಿದ ಕುಟುಂಬಗಳು ಚದುರಿದಲ್ಲೇ ಇವೆ.

ಇಂದಾಪುರದವರಿಗೆ ಮುಪ್ಪಿನಲ್ಲಿ ಊರು ಬಿಡುವುದೇನೆಂದು ಗೊತ್ತು. 1980ರಲ್ಲಿ ಮುಗಿದ ಉಜನಿ ಅಣೆಕಟ್ಟು ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳನ್ನು ಮುಳುಗಿಸಿತು. ಪಳಸದೇವದ ಹಳೆಯ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಕಾಣಿಸುತ್ತದೆ. ನಮ್ಮ ಓಣಿಯ ಒಬ್ಬ ಅಜ್ಜ ಪ್ರತಿ ಸಲ ಹೋಗಿ ನೋಡಿ ಬರುತ್ತಿದ್ದ. ಅಪ್ಪನಿಗೆ ಇಲ್ಲಿ ಆತ ಒಬ್ಬನೇ ಗೆಳೆಯ. ಆತ ಮರಾಠಿಯಲ್ಲಿ, ಈತ ಕನ್ನಡದಲ್ಲಿ, ಮಾತು ನಡೆಯುತ್ತಿತ್ತು.

ಕಾನೂನು ಮೆಲ್ಲಗೆ ಹಿಂದಿನಿಂದ ಬಂತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ತಂದೆತಾಯಿಯನ್ನು ಸಾಕುವ ಹೊಣೆಯನ್ನು ಮಗನ ಜೊತೆಗೆ ಮಗಳ ಮೇಲೂ ಹೊರಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ತಂದೆತಾಯಿಗೂ ಜಾಗ ಸಿಕ್ಕಿತು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ, ಅದನ್ನು ತೆಗೆದದ್ದು 2001ರಲ್ಲಿ! ಮದುವೆಯಾದ ಮಗಳೂ ತಂದೆಗೆ ಜೀವನಾಂಶ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಮಗಳ ಮನೆಯ ನೀರೂ ಕುಡಿಯಬಾರದು ಎನ್ನುವ ಕಾಲದ ನಮ್ಮ ಅಪ್ಪನಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. 2007ರಲ್ಲಿ ಬಂದದ್ದು ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ. ಅದರ 23ನೇ ಕಲಮನ್ನು ಪ್ರತಿಯೊಬ್ಬ ಹಿರಿಯರೂ ತಿಳಿದಿರಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಆಮೇಲೆ ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಕಾಗದದಲ್ಲೇ ಬರೆದಿರುವುದು ಕ್ಷೇಮ. ಅದೇ ಕಾಯ್ದೆಯ 19ನೇ ಕಲಮು ಜಿಲ್ಲೆಗೊಂದು, ಕನಿಷ್ಠ 150 ಜನರ ವೃದ್ಧಾಶ್ರಮದ ಮಾತಾಡುತ್ತದೆ. ಅದು ಕೂಡ ನಿರ್ಗತಿಕರಿಗೇ.

ಮಕ್ಕಳಿದ್ದೂ, ಪೆನ್ಷನ್ ಇದ್ದೂ, ಮೈ ಮಾತ್ರ ಕೇಳದವರಿಗೆ ಮನೆಗಳು ಕಾಣಿಸಿಕೊಂಡದ್ದು ತೀರ ಈಚೆಗೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಲ್ಲಿ ಶುರುವಾಗಿ ಮರೆವಿನ ಕಾಯಿಲೆಯವರ ಆರೈಕೆಗೆ ದಾರಿ ಮಾಡಿತು. ಪುಣೆಯಲ್ಲಿ 2000ದ ಆಚೀಚೆ 'ಅಥಶ್ರೀ'ಯಂಥ ಹಿರಿಯರ ವಸತಿಗಳು ಎದ್ದವು. ಇಂಥ ಮನೆಗಳಿಗೆ ಕೇಂದ್ರ ಸರ್ಕಾರ ಮಾದರಿ ಮಾರ್ಗಸೂಚಿ ಹೊರಡಿಸಿದ್ದು 2019ರಲ್ಲಿ. ಇವುಗಳಲ್ಲೂ ಬಗೆಗಳಿವೆ. ಗಟ್ಟಿಮುಟ್ಟಾಗಿದ್ದವರು ಫ್ಲಾಟ್ ಕೊಂಡು ಇರುವುದು ಒಂದು. ಸ್ನಾನ, ಊಟ, ಔಷಧಿಗೆ ಇನ್ನೊಬ್ಬರ ಕೈ ಬೇಕಾದವರಿಗೆ ಅಸಿಸ್ಟೆಡ್ ಲಿವಿಂಗ್. ಹಾಸಿಗೆ ಹಿಡಿದವರಿಗೆ ನರ್ಸಿಂಗ್ ಕೇರ್. ಹುಡುಕಲು ಹೊರಟಾಗ ನನಗೆ ಈ ವ್ಯತ್ಯಾಸವೇ ಗೊತ್ತಿರಲಿಲ್ಲ.

ಸಾಲದ ಅರ್ಜಿ ಪರೀಕ್ಷಿಸುವ ಹಾಗೆ ನೋಟ್‌ಬುಕ್ ಹಿಡಿದು ನಾಲ್ಕು ಮನೆ ನೋಡಿದೆ. ಠೇವಣಿ ಎಷ್ಟು, ಎಷ್ಟು ದಿನದಲ್ಲಿ ವಾಪಸ್, ವರ್ಷಕ್ಕೆ ಎಷ್ಟು ಹೆಚ್ಚಳ, ಡಾಕ್ಟರು ಎಷ್ಟು ದೂರ, ಬಚ್ಚಲದಲ್ಲಿ ಹಿಡಿಕೆ ಇದೆಯೇ, ಎಲ್ಲ ಬರೆದುಕೊಂಡೆ. ಅಂಕಿಗಳಲ್ಲಿ ಮೊದಲು ಬಂದ ಪುಣೆಯ ಒಂದು ಮನೆಗೆ ಹದಿನೈದು ದಿನದ ಮಟ್ಟಿಗೆ ಅವ್ವನನ್ನು ಮೊದಲು ಬಿಟ್ಟೆವು.

ಎಂಟನೇ ದಿನ ಫೋನ್ ಬಂತು: ಅಜ್ಜಿಗೆ ಸುಸ್ತು, ನೀರಿನಂಶ ಕಮ್ಮಿಯಾಗಿದೆ, ಡ್ರಿಪ್ ಹಾಕಿದ್ದೇವೆ. ಓಡಿದೆ. ರಾತ್ರಿ ಪಾಳಿಯ ಹುಡುಗಿ, ಒಳ್ಳೆಯ ಹುಡುಗಿ, ಅಳುಮುಖ ಮಾಡಿಕೊಂಡು ಹೇಳಿದಳು: "ಅಜ್ಜಿ ರಾತ್ರಿಯೆಲ್ಲ ನೀರಾ, ನೀರಾ ಅಂತಿದ್ರು. ನಿಮ್ಮ ಕಡೆ ನೀರಾ ನದಿ ಇದೆಯಲ್ಲ ಕಾಕಾ, ಊರು ನೆನಪಾಗಿದೆ ಅಂದ್ಕೊಂಡೆ. ಹೋಗೋಣ ಅಜ್ಜಿ, ನಾಳೆ ಹೋಗೋಣ ಅಂತ ಸಮಾಧಾನ ಮಾಡಿದೆ." ಅವ್ವ ಅಂದದ್ದು "ನೀರಡಿಕಿ ಆಗೇದ" ಎಂದು. ನಮ್ಮ ಕಡೆ ಬಾಯಾರಿಕೆಗೆ ಹೇಳುವ ಮಾತು. ಇಂದಾಪುರದ ಪೇಟೆಯಲ್ಲಿ ನಾಲ್ಕು ಮರಾಠಿ ಮಾತು ಕಲಿತಿದ್ದಳು, ಮರೆವು ಮೊದಲು ಅದನ್ನೇ ಒರೆಸಿತ್ತು.

ನಾನು ಯಾರ ಮೇಲೆ ಸಿಟ್ಟಾಗಲಿ? ಮೂರು ಪುಟದ ನನ್ನ ಪಟ್ಟಿಯಲ್ಲಿ, ರಾತ್ರಿ ಇವಳ ಮಾತು ಯಾರಿಗೆ ತಿಳಿಯುತ್ತದೆ ಎಂಬ ಪ್ರಶ್ನೆಯೇ ಇರಲಿಲ್ಲ. ಮೂವತ್ತೈದು ವರ್ಷ ಪರಭಾಷೆಯ ಊರುಗಳಲ್ಲಿ ದುಡಿದ ನನಗೇ ಅದು ಹೊಳೆಯಲಿಲ್ಲ.

ಮತ್ತೆ ಹುಡುಕಿದ್ದು ಸೊಲ್ಲಾಪುರದಲ್ಲಿ. ಅಕ್ಕ ಅಲ್ಲೇ ಇದ್ದಾಳೆ. ಎರಡು ಕೋಣೆಯ ಮನೆ, ಭಾವನಿಗೂ ಕಾಯಿಲೆ. ಅವಳೇ ಒಂದು ಸಣ್ಣ ಮನೆ ಪತ್ತೆ ಮಾಡಿದಳು. ಹನ್ನೆರಡು ಹಾಸಿಗೆ, ಲಿಫ್ಟ್ ಇಲ್ಲ, ತೋಟ ಇಲ್ಲ, ಡಾಕ್ಟರು ವಾರಕ್ಕೆ ಎರಡು ಸಲ. ನನ್ನ ಹಳೆಯ ಪಟ್ಟಿಯಲ್ಲಿ ಇದು ಕೊನೆಗೆ ಬರುತ್ತಿತ್ತು. ಆದರೆ ಅಡುಗೆಯವಳು ಅಕ್ಕಲಕೋಟೆ ಕಡೆಯವಳು, ರಾತ್ರಿ ಪಾಳಿಯವಳು ಇಂಡಿಯವಳು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಬಾಗಿಲಿಗೇ ಕೇಳುತ್ತಿತ್ತು. ಆ ಹೆಣ್ಣುಮಗಳು ಹೊರಗೆ ಬಂದು, "ಬರ್ರಿ ಯಜ್ಜಾರ, ಯಾವೂರ್ರಿ?" ಅಂದಳು. ಅಪ್ಪ ಊರ ಹೆಸರು ಹೇಳಿದರು. ಅವಳು ಆ ಊರಿನ ಜಾತ್ರೆಯ ಮಾತು ತೆಗೆದಳು. ಅರ್ಧ ತಾಸು ನಾನು ನಿಂತೇ ಇದ್ದೆ. ಹೊರಡುವಾಗ ಅಪ್ಪ, "ಸಿದ್ಧರಾಮಪ್ಪನ ಊರು. ಇಲ್ಲಿದ್ರ ದಿಕ್ಕಿಲ್ಲದವರು ಅನ್ನಾಂಗಿಲ್ಲ" ಅಂದರು. ನನಗೆ ಕ್ಷೇತ್ರವಾಸದ ಹಳೆಯ ಮುದುಕರು ನೆನಪಾದರು.

2019ರಲ್ಲಿ ಇಬ್ಬರೂ ಅಲ್ಲಿಗೆ ಹೋದರು. ಮರುವರ್ಷ ಕೊರೋನಾ ಬಂದು ತಿಂಗಳುಗಟ್ಟಲೆ ಬಾಗಿಲು ಮುಚ್ಚಿದಾಗ ದಿನಾ ಸಂಜೆ ಇಂಡಿಯ ಆ ಹೆಣ್ಣುಮಗಳು ಫೋನ್ ಹಿಡಿದು ಕೊಡುತ್ತಿದ್ದಳು. ನಾನು ಅಲ್ಲಿದ್ದಿದ್ದರೆ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದೆನೇ? ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಅಪ್ಪ 2021ರಲ್ಲಿ ಅಲ್ಲೇ ತೀರಿಕೊಂಡರು, ಊರಿನ ಹೊಲದಲ್ಲಿ ಮಣ್ಣು ಮಾಡಿದೆವು. ಸೊಲ್ಲಾಪುರದಿಂದ ಊರು ಹತ್ತಿರವಾಯಿತು ಎಂಬುದು ಅವತ್ತೇ ಅರಿವಿಗೆ ಬಂತು.

ಊರಿನಲ್ಲಿ ತಂದೆತಾಯಿಯನ್ನು ಬಿಟ್ಟವರು, ಪರಊರಿಗೆ ಕರೆತಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದೇ ಮಾತು. ಠೇವಣಿ, ಡಾಕ್ಟರು, ಲಿಫ್ಟು ಎಲ್ಲ ನೋಡಿ. ಆದರೆ ಸಹಿ ಹಾಕುವ ಮುಂಚೆ ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ, ಪಾಳಿಯಲ್ಲಿರುವವರ ಜೊತೆ ನಿಮ್ಮ ಅವ್ವನ ಭಾಷೆಯಲ್ಲಿ ನೀರು ಕೇಳಿ ನೋಡಿ.

ನಾನು ಭಾನುವಾರ ಮುಂಜಾನೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗುತ್ತೇನೆ. ಅವ್ವನಿಗೆ ಈಗ ನನ್ನ ಗುರುತು ಹತ್ತುವುದಿಲ್ಲ. ಮನೆಗೆ ಬಂದ ಪರಕೀಯರನ್ನು ಕೇಳುವ ಹಾಗೆ ಕೇಳುತ್ತಾಳೆ: "ದೂರಿಂದ ಬಂದೀರಿ. ಊಟ ಆತೇನ್ರಿ?" ಆಗಿಲ್ಲ ಅನ್ನುತ್ತೇನೆ. ಒಳಗೆ ತಿರುಗಿ ರೊಟ್ಟಿ ತರಲು ಕೂಗಿ ಹೇಳುತ್ತಾಳೆ. ಅವಳ ಮಾತು ಅಲ್ಲಿ ಎಲ್ಲರಿಗೂ ತಿಳಿಯುತ್ತದೆ, ರೊಟ್ಟಿ ಬರುತ್ತದೆ.